ಕ್ರೀಡೆಯೂ ದಯೆಯೂ

ಕೊಡಗಿನ ಉತ್ತರದ ಅಂಚಿನಲ್ಲಿ ಹಾಸನದ ಸೀಮೆಗೆ ಸಮೀಪವಾಗಿರುವ ಕೊಡ್ಲಿಪೇಟೆಯಂತಹ ಊರುಗಳಲ್ಲಿ ವರ್ಷಕ್ಕೊಮ್ಮೆ ಶಾಲಾ ಕ್ರೀಡಾಕೂಟದ ಸಡಗರವು ಮೊದಲಾಗುವುದು. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ ಹೋಗುವ ಕ್ರಮವಿರುವುದರಿಂದ ಪ್ರತಿಯೊಂದು ಶಾಲೆಯೂ ಚುರುಕಾದ ಮಕ್ಕಳನ್ನೇ ಆರಿಸುವುದು. ಇದರಲ್ಲಿ ದೋಷವಿಲ್ಲ. ಆದರೆ ಬೌದ್ಧಿಕ ನ್ಯೂನತೆಯುಳ್ಳ ಬಾಲಕನೊಬ್ಬನು ಅದೇ ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೆ ಆ ದಿನ ಅವನ ಸ್ಥಾನವಾವುದು? ಬಹುಮಟ್ಟಿಗೆ ನೀರಿನ ಬಿಂದಿಗೆಯ ಬಳಿ, ಇಲ್ಲವೆ ಗೆಳೆಯರ ಅಂಗಿಗಳನ್ನು ಕಾಯುತ್ತ ಮರದಡಿ.

ಇದನ್ನು ಕಂಡು ಮನಸ್ಸು ಕರಗಿದ ಸಜ್ಜನರು ಮತ್ತೊಂದು ಉಪಾಯವನ್ನು ಮಾಡುವುದುಂಟು. ಅವನನ್ನು ಓಟಕ್ಕೆ ನಿಲ್ಲಿಸಿ, ಉಳಿದವರು ಬೇಕೆಂದೇ ಹಿಂದುಳಿಯುವಂತೆ ಸನ್ನೆಮಾಡಿ, ಅವನ ಕೈಗೆ ಬಹುಮಾನವನ್ನು ಕೊಡಿಸಿ ಚಪ್ಪಾಳೆ ತಟ್ಟುವರು. ವಿಚಾರ ಮಾಡಬೇಕಾದುದು ಇಲ್ಲಿಯೇ. ಇದು ದಯೆಯೋ, ಅವಮಾನವೋ? ಹುಡುಗನಿಗೆ ಸಂತೋಷವಾಯಿತಲ್ಲ, ಅಷ್ಟು ಸಾಲದೆ ಎಂದು ಕೆಲವರು ಕೇಳಿಯಾರು. ಸಾಲದು. ಎದುರಾಳಿಯು ತನ್ನ ಶಕ್ತಿಯನ್ನು ಮುಚ್ಚಿಟ್ಟ ಮೇಲೆ ಅಲ್ಲಿ ಆಟವೇ ನಡೆಯಲಿಲ್ಲ. ನಡೆದುದು ನಾಟಕ, ಅದು ನಾಟಕವೆಂದು ಅವನೊಬ್ಬನಿಗೆ ಮಾತ್ರ ತಿಳಿಸಿರಲಿಲ್ಲ. ಮೇಲಾಗಿ, ಲೆಕ್ಕ ಬಾರದ ಮಗುವಿಗೂ ಮುಖಭಾವವು ಚೆನ್ನಾಗಿ ತಿಳಿಯುವುದುಂಟು.

ಈ ಗಂಟನ್ನು ಬಿಡಿಸುವ ಕ್ರಮವೊಂದು ಲೋಕದಲ್ಲಿ ರೂಢಿಗೆ ಬಂದಿದೆ. 1968ನೆಯ ಇಸವಿಯ ಜುಲೈ 20ರಂದು ಯೂನಿಸ್ ಕೆನಡಿ ಶ್ರೈವರ್ ಎಂಬ ಮಹಿಳೆಯ ನೇತೃತ್ವದಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಸ್ಪೆಷಲ್ ಒಲಿಂಪಿಕ್ಸಿನ ಮೊದಲ ಅಂತಾರಾಷ್ಟ್ರೀಯ ಕೂಟವು ನಡೆಯಿತು. ಆ ಸಂಸ್ಥೆಯವರು ಸ್ಪರ್ಧಿಗಳ ವಯಸ್ಸನ್ನೂ ಸಾಮರ್ಥ್ಯವನ್ನೂ ಮೊದಲೇ ಪರೀಕ್ಷಿಸಿ, ಸಮಬಲರನ್ನು ಸಮಬಲರೊಡನೆ ಜೋಡಿಸುವರು. ಆಗ ನಿಧಾನವಾಗಿ ಓಡುವವನೂ ಸೋಲಬಲ್ಲನು; ಸೋಲಬಲ್ಲವನಾದುದರಿಂದಲೇ ಅವನ ಗೆಲುವು ಅವನದಾಗುವುದು. ಅವರ ‘ಯೂನಿಫೈಡ್’ ಪದ್ಧತಿಯಲ್ಲಿಯಾದರೋ ನ್ಯೂನತೆಯುಳ್ಳವರೂ ಇಲ್ಲದವರೂ ಒಂದೇ ತಂಡದಲ್ಲಿ ಕೂಡಿ ಆಡುವರು. ಭಾರತದಲ್ಲಿ ಈ ಸಂಸ್ಥೆಯು 2001ರಲ್ಲಿ ನೋಂದಣಿಯಾಯಿತು.

ಪಂಚತಂತ್ರವನ್ನೋದಿದವರಿಗೆ ಇದರ ತತ್ತ್ವವು ಹೊಸದೆನಿಸಲಾರದು. ಅಮರಶಕ್ತಿ ರಾಜನ ಮೂವರು ಮಕ್ಕಳಿಗೆ ಶಾಸ್ತ್ರವು ಹಿಡಿಸದೆ ಹೋದಾಗ ವಿಷ್ಣುಶರ್ಮನು ಪಾಠದ ರೀತಿಯನ್ನೇ ಬದಲಿಸಿ, ಕಾಗೆ ಗೂಬೆಗಳ ಬಾಯಿಂದ ನೀತಿಯನ್ನು ಹೇಳಿಸಿದನು. (ಆರು ತಿಂಗಳಲ್ಲಿ ಅವರು ಪಂಡಿತರಾದರೆಂಬುದು ಕಥೆಯ ಮಾತು. ಬೌದ್ಧಿಕ ನ್ಯೂನತೆಯು ವಾಸಿಯಾಗುವ ರೋಗವಲ್ಲ. ಅದಕ್ಕೆ ಅಂತಹ ಗಡುವನ್ನು ಹೇಳುವುದು ಹೆತ್ತವರಿಗೆ ಮಾಡುವ ಮೋಸ.)

ಕೊಡಗಿಗಂತೂ ಮನೆಯಲ್ಲಿಯೇ ಒಂದು ದೃಷ್ಟಾಂತವಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ತಂಡವನ್ನು ಕಟ್ಟುವುದು ಮನೆತನದ ಹೆಸರು. ಅಜ್ಜನೂ ಮೊಮ್ಮಗನೂ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವುದುಂಟು. ಶಾಲೆಯೂ ಒಂದು ಮನೆತನವಲ್ಲವೆ? ಸುಂಟಿಕೊಪ್ಪದ ‘ಸ್ವಸ್ಥ’ ಕೇಂದ್ರದಂತಹ ವಿಶೇಷ ಶಾಲೆಗಳಿಂದ ಜಿಲ್ಲೆಗೆ ದೊಡ್ಡ ಉಪಕಾರವಾಗಿದೆ. ಆದರೆ ಊರ ಶಾಲೆಯು ಕೈತೊಳೆದುಕೊಳ್ಳುವುದಕ್ಕೆ ಅವು ನೆವವಾಗಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 16ನೆಯ ಪ್ರಕರಣವು ಸರಕಾರದ ಮಾನ್ಯತೆ ಪಡೆದ ಶಾಲೆಗಳು ಇಂತಹ ಮಕ್ಕಳಿಗೆ ವಿದ್ಯೆಯೊಡನೆ ಕ್ರೀಡಾವಿನೋದಗಳಲ್ಲಿಯೂ ಸಮಾನಾವಕಾಶವನ್ನು ಕೊಡಬೇಕೆಂದು ವಿಧಿಸುತ್ತದೆ. ದಯೆಯಿದ್ದರೆ ಮಾಡಿರೆಂಬ ಮಾತು ಅದರಲ್ಲಿಲ್ಲ.

ಹೋಬಳಿಯ ಕೂಟಕ್ಕೆ ಚುರುಕಾದವರೇ ಹೋಗಲಿ. ಶಾಲೆಯೊಳಗಿನ ಕೂಟದಲ್ಲಿ ಒಂದು ರಿಲೇ ಓಟವನ್ನಾದರೂ ಬೇರೆ ಬಗೆಯಲ್ಲಿ ಏರ್ಪಡಿಸಬಹುದು: ವೇಗಿಗೆ ನೂರು ಗಜ, ನಿಧಾನಿಗೆ ಮೂವತ್ತು, ಕೋಲು ಮಾತ್ರ ಎಲ್ಲರ ಕೈಯನ್ನೂ ದಾಟಬೇಕು. ಆ ಬಾಲಕನು ಕೋಲನ್ನು ಕೆಡವಿದರೆ ತಂಡವು ಸೋಲಲಿ, ಗೆಳೆಯರು ಒಂದು ಗಳಿಗೆ ಮುನಿಸಿಕೊಳ್ಳಲಿ. ಮರುದಿನದಿಂದ ಅವರೇ ಅವನನ್ನು ಬಯಲಿಗೆ ಕರೆದೊಯ್ದು ಕೋಲು ಹಿಡಿಯುವುದನ್ನು ಅಭ್ಯಾಸಮಾಡಿಸುವರು.