ಗದರುವ ಹಕ್ಕು

ಮಕ್ಕಳ ಅಂಕಪಟ್ಟಿ ಮನೆಗೆ ಬಂದ ಸಂಜೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ತಿಂಗಳುಗಟ್ಟಲೆ ಮಗನ ಪುಸ್ತಕದತ್ತ ಕಣ್ಣೆತ್ತಿಯೂ ನೋಡದಿದ್ದ ತಂದೆ ಅಂದು ಏಕಾಏಕಿ ನ್ಯಾಯಾಧೀಶನಾಗಿಬಿಡುತ್ತಾನೆ. ಸ್ವರ ಏರುತ್ತದೆ, ಕೆಲವೊಮ್ಮೆ ಕೈಯೂ ಏರುತ್ತದೆ. ಕೇಳಿದರೆ, "ಅವನ ಒಳ್ಳೆಯದಕ್ಕೇ ಅಲ್ಲವೇ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇನ್ನೊಬ್ಬರ ಒಳಿತಿಗೆಂದು ಅವರನ್ನು ಗದರುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಹೆತ್ತದ್ದರಿಂದಲೇ? ಹುದ್ದೆಯಿಂದಲೇ? ಅಥವಾ ಬೇರಾವುದೋ ಬೆಲೆ ತೆತ್ತು ಅದನ್ನು ಗಳಿಸಬೇಕೇ? ಈ ಪ್ರಶ್ನೆ ಎದುರಾದಾಗಲೆಲ್ಲ ನನ್ನ ಮನಸ್ಸು ಅಮೆರಿಕದ ಒಬ್ಬ ಬ್ಯಾಸ್ಕೆಟ್‌ಬಾಲ್ ತರಬೇತುದಾರರ ಬದುಕಿನತ್ತ ಹೊರಳುತ್ತದೆ. ಅವರ ಹೆಸರು ಬಾಬ್ ಹರ್ಲಿ.

ನ್ಯೂಯಾರ್ಕ್ ಮಹಾನಗರದ ಎದುರಿಗೆ, ಹಡ್ಸನ್ ನದಿಯ ಇನ್ನೊಂದು ದಡದಲ್ಲಿ ಜೆರ್ಸಿ ಸಿಟಿ ಎಂಬ ಊರಿದೆ. ಅಲ್ಲಿನ ಪೋಲಿಷ್ ವಲಸಿಗರ ಧರ್ಮಕೇಂದ್ರವೊಂದರ ಆಸರೆಯಲ್ಲಿ 1952ರಲ್ಲಿ ಸಂತ ಅಂತೋಣಿ ಪ್ರೌಢಶಾಲೆ ಆರಂಭವಾಯಿತು. ಫೆಲಿಷಿಯನ್ ಸಭೆಯ ಧರ್ಮಭಗಿನಿಯರು ಅದನ್ನು ಮಕ್ಕಳಂತೆ ಸಾಕಿದರು. ವರ್ಷಗಳು ಕಳೆದಂತೆ ಅದು ಊರಿನ ಬಡಮಕ್ಕಳ ಶಾಲೆಯಾಯಿತು. ಶಾಲೆಗೆ ಸ್ವಂತದ್ದೊಂದು ಆಟದ ಅಂಗಣವೂ ಇರಲಿಲ್ಲ. ಬಿಂಗೊ ಆಡಿಸುತ್ತಿದ್ದ 'ವೈಟ್ ಈಗಲ್' ಎಂಬ ಹಳೆಯ ಸಭಾಂಗಣದಲ್ಲಿ ಮೇಜು ಕುರ್ಚಿಗಳನ್ನು ಬದಿಗೆ ಸರಿಸಿ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಇಂಥ ಶಾಲೆಯ ತಂಡದ ಹೊಣೆಯನ್ನು 1972ರಲ್ಲಿ ಹೊತ್ತ ಹರ್ಲಿಯವರು ಅದೇ ಊರಿನ ಪೊಲೀಸನೊಬ್ಬನ ಮಗ. ಆಗ ಅವರಿಗಿನ್ನೂ ಇಪ್ಪತ್ತೈದರ ಪ್ರಾಯ.

ಅವರ ಹೊಟ್ಟೆಪಾಡಿನ ಉದ್ಯೋಗ ಬೇರೆಯೇ ಇತ್ತು. ಅವರು ಪ್ರೊಬೇಷನ್ ಅಧಿಕಾರಿ. ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಸೆರೆಮನೆಗೆ ಹೋಗದೆ ನಿಗಾವಣೆಯಲ್ಲಿ ಹೊರಗಿರುವವರನ್ನು ವಿಚಾರಿಸಿಕೊಳ್ಳುವುದೇ ಅವರ ಕೆಲಸ. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಹಗಲೆಲ್ಲ ಅವರೆದುರು ಕುಳಿತಿರುತ್ತಿದ್ದವರು ಮಾದಕ ವಸ್ತುವಿಗೋ ಕಳವಿಗೋ ಸಿಕ್ಕಿ ಬದುಕನ್ನು ಹಾಳುಮಾಡಿಕೊಂಡವರು. ಸಂಜೆ ಅವರೆದುರು ಚೆಂಡು ಹಿಡಿದು ನಿಲ್ಲುತ್ತಿದ್ದ ಹುಡುಗರೂ ಅದೇ ಬೀದಿಗಳವರು. ಒಂದು ತಪ್ಪು ಸಂಜೆ, ಒಬ್ಬ ತಪ್ಪು ಗೆಳೆಯ, ಅಷ್ಟರಿಂದ ಏನಾಗಬಹುದು ಎಂಬುದನ್ನು ಅವರು ಪ್ರತಿದಿನ ಕಡತಗಳಲ್ಲಿ ಓದುತ್ತಿದ್ದರು. ಹೀಗಿರುವಾಗ ಅಭ್ಯಾಸಕ್ಕೆ ಐದು ನಿಮಿಷ ತಡವಾಗಿ ಬಂದ ಹುಡುಗ ಅವರ ಕಣ್ಣಿಗೆ ಬರೀ ತಡವಾಗಿ ಬಂದವನಾಗಿ ಕಾಣಿಸುತ್ತಿರಲಿಲ್ಲ.

ಅವರ ನಾಲಗೆ ಕಟುವಾದದ್ದು. ಅವರನ್ನು ಮೆಚ್ಚಿ ಬರೆದವರೂ ಇದನ್ನು ಮರೆಮಾಚಿಲ್ಲ. ಕೂಗುತ್ತಿದ್ದರು, ಚುಚ್ಚುತ್ತಿದ್ದರು, ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡುತ್ತಿದ್ದರು. ನಾನಂತೂ ಆ ಮಾತುಗಳನ್ನೆಲ್ಲ ಸಮರ್ಥಿಸಲಾರೆ. ಮಗುವಿನ ಮಾನ ಕಳೆಯದೆಯೂ ಅದನ್ನು ತಿದ್ದಬಹುದೆಂದು ಇಂದಿಗೂ ನಂಬಿದ್ದೇನೆ. ಆದರೂ ಬೆಳೆದು ದೊಡ್ಡವರಾದ ಮೇಲೆ ಎಷ್ಟೋ ಶಿಷ್ಯರು ಅವರನ್ನು ತಂದೆಯಂತೆ ಕಂಡರಲ್ಲ, ಅದಕ್ಕೇನು ಕಾರಣ?

ಗೆಲುವುಗಳೇ ಕಾರಣವೆಂದು ನೀವು ಹೇಳಬಹುದು. ಗೆಲುವುಗಳಿಗೇನೂ ಕೊರತೆಯಿರಲಿಲ್ಲ. ನಲವತ್ತೈದು ವರ್ಷಗಳಲ್ಲಿ 1,184 ಜಯ, 125 ಸೋಲು, 28 ರಾಜ್ಯ ಪ್ರಶಸ್ತಿಗಳು. 1989ರ ತಂಡ ಆಡಿದ 32 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ದೇಶದ ಅಗ್ರ ಶಾಲಾ ತಂಡವೆನಿಸಿತು. 2010ರಲ್ಲಿ ಬ್ಯಾಸ್ಕೆಟ್‌ಬಾಲ್ ಕ್ರೀಡೆಯ ಅತ್ಯುನ್ನತ ಗೌರವವಾದ 'ಹಾಲ್ ಆಫ್ ಫೇಮ್'ಗೆ ಅವರ ಹೆಸರು ಸೇರಿತು. ಪ್ರೌಢಶಾಲೆಯ ತರಬೇತುದಾರರಿಗೆ ಈ ಗೌರವ ದೊರೆತದ್ದು ತೀರ ವಿರಳ. ಆದರೆ ಗೆದ್ದವರೆಲ್ಲ ಪ್ರೀತಿಸಲ್ಪಡುವುದಿಲ್ಲ. ಇದು ನಿಮಗೂ ಗೊತ್ತು.

ನನಗೆ ಕಾಣುವ ಕಾರಣ ಬೇರೆ. ಅವರು ಹೊರಟುಹೋಗಲಿಲ್ಲ. ಕಾಲೇಜುಗಳಿಂದ ಕರೆ ಬಂದಿತ್ತು. ಹೋಗಿದ್ದರೆ ಸಂಬಳವೂ ಕೀರ್ತಿಯೂ ಹಲವು ಪಟ್ಟು ಹೆಚ್ಚುತ್ತಿದ್ದವು. ಅವರು ಉಳಿದದ್ದು ಬಿಂಗೊ ಸಭಾಂಗಣದ ಹುಡುಗರ ನಡುವೆ. ಸೋಮವಾರ ಗದರಿಸಿದವರು ಮಂಗಳವಾರ ಅದೇ ಬಾಗಿಲಲ್ಲಿ ಇರುತ್ತಿದ್ದರು. ಮರುವರ್ಷವೂ, ಹುಡುಗ ಓದು ಮುಗಿಸಿ ಹೋಗಿ ಮದುವೆಯಾಗಿ ಮಗುವನ್ನೆತ್ತಿಕೊಂಡು ಬಂದಾಗಲೂ ಅಲ್ಲೇ ಇರುತ್ತಿದ್ದರು. ಗದರಿಸಿ ಹೊರಟುಹೋಗುವವನ ಮಾತು ಗಾಯವಾಗಿಯೇ ಉಳಿಯುತ್ತದೆ. ಗದರಿಸಿ ಜೊತೆಗೇ ಉಳಿಯುವವನ ಮಾತಿಗೆ ಕಾಲ ಬೇರೊಂದು ಅರ್ಥ ಕೊಡುತ್ತದೆ. ಅಂಕಪಟ್ಟಿಯ ಸಂಜೆಯ ತಂದೆಗೆ ಇಲ್ಲದಿರುವುದು ಇದೇ ಎಂದು ನನಗನ್ನಿಸುತ್ತದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಲೇಖನ ಸುಲಭವಾಗುತ್ತಿತ್ತು. ಆದರೆ ಜೊತೆಗಿರುವುದೂ ಎಲ್ಲವನ್ನೂ ಸರಿಪಡಿಸುವುದಿಲ್ಲ. ಹರ್ಲಿಯವರ ಇಬ್ಬರು ಗಂಡುಮಕ್ಕಳೂ ತಂದೆಯ ಕೈಕೆಳಗೇ ಆಡಿದವರು. ಹಿರಿಯ ಮಗ ಬಾಬಿ 1991 ಮತ್ತು 1992ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡದಲ್ಲಿದ್ದು ರಾಷ್ಟ್ರೀಯ ಪ್ರಶಸ್ತಿ ಗೆದ್ದು ಮನೆಮಾತಾದರು. ಕಿರಿಯ ಮಗ ಡ್ಯಾನ್ ಕಾಲೇಜಿನ ಅಂಗಣಕ್ಕಿಳಿದಾಗಲೆಲ್ಲ ಎದುರಾಳಿ ಪ್ರೇಕ್ಷಕರು ಅಣ್ಣನ ಹೆಸರೆತ್ತಿ ಹಂಗಿಸುತ್ತಿದ್ದರು. 1993ರಲ್ಲಿ ಅವರು ಮನಸ್ಸು ಮುರಿದು ಕೆಲಕಾಲ ತಂಡದಿಂದಲೇ ದೂರ ಸರಿದರು. ತಮ್ಮ ಆ ದಿನಗಳ ಖಿನ್ನತೆಯ ಬಗ್ಗೆ ಅವರು ಮುಂದೆ ಬಹಿರಂಗವಾಗಿ ಮಾತನಾಡಿದ್ದಾರೆ. ಅದೇ ಡ್ಯಾನ್ 2023 ಮತ್ತು 2024ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡವನ್ನು ರಾಷ್ಟ್ರೀಯ ಪ್ರಶಸ್ತಿಗೆ ನಡೆಸಿದ ತರಬೇತುದಾರರು ಎಂಬುದನ್ನು ಕೇಳಿ, "ನೋಡಿ, ಕೊನೆಗೆ ಎಲ್ಲ ಸರಿಹೋಯಿತು" ಎಂದು ನಾವು ಸಮಾಧಾನಪಟ್ಟುಕೊಳ್ಳಬಹುದು. ಪ್ರಶಸ್ತಿ ಸಿಗದಿದ್ದರೆ ಆ ಯುವಕನ ನೋವಿಗೆ ಏನು ಹೇಳುತ್ತಿದ್ದೆವು? ಮನೆಗೆ ಅಂಟಿದ ಯಶಸ್ಸಿನ ಭಾರವನ್ನು ಯಾರು ಹೊರುತ್ತಾರೆಂಬುದು ಮೊದಲೇ ತಿಳಿಯುವುದಿಲ್ಲ. ಹೆಚ್ಚಾಗಿ ಅದನ್ನು ಹೊರುವುದು ಮನೆಯ ಕಿರಿಯವರು.

ಇನ್ನು ಶಾಲೆಯ ಮಾತು. ಬಡವರ ಶಾಲೆ ನಡೆಯುವುದು ಶುಲ್ಕದಿಂದಲ್ಲ, ದಾನದಿಂದ. ಹರ್ಲಿಯವರು ಊರೂರು ಸುತ್ತಿ ಭಾಷಣ ಮಾಡಿ, ಶಿಬಿರ ನಡೆಸಿ ಹಣ ಕೂಡಿಸಿದರು. ಕೊನೆಯ ವರ್ಷಗಳಲ್ಲಿ ಶಾಲೆಯ ಅಧ್ಯಕ್ಷರ ಹೊಣೆಯೂ ಅವರ ಮೇಲೆ ಬಿತ್ತು. ಮಕ್ಕಳ ಸಂಖ್ಯೆ ಇಳಿಯಿತು, ಸಾಲದ ಹೊರೆ ಏರಿತು. 2017ರ ಏಪ್ರಿಲಿನಲ್ಲಿ ಶಾಲೆ ಮುಚ್ಚುವುದೆಂಬ ಪ್ರಕಟಣೆ ಹೊರಬಿತ್ತು; ಆ ಬೇಸಿಗೆಗೆ ಬಾಗಿಲು ಹಾಕಿತು. ಯಾವ ಶಾಲೆಗಾಗಿ ಅವರು ದೊಡ್ಡ ಹುದ್ದೆಗಳನ್ನು ಬಿಟ್ಟರೋ ಆ ಶಾಲೆಯನ್ನು 1,184 ಗೆಲುವುಗಳು ಉಳಿಸಿಕೊಳ್ಳಲಿಲ್ಲ. ಅದೇ ವರ್ಷ ವೈಟ್ ಈಗಲ್ ಸಭಾಂಗಣ ನವೀಕರಣಗೊಂಡು ಸಂಗೀತ ಕಛೇರಿಗಳ ತಾಣವಾಗಿ ಮತ್ತೆ ತೆರೆಯಿತು.

ಹಾಗಾದರೆ ಅವರು ಉಳಿದದ್ದು ವ್ಯರ್ಥವಾಯಿತೇ? ನನ್ನ ಮನಸ್ಸು ಒಪ್ಪುವುದಿಲ್ಲ. ಅವರು ಕಾದದ್ದು ಗೋಡೆಗಳನ್ನಲ್ಲ. ಸುಮಾರು ನಾಲ್ಕು ದಶಕಗಳ ಅವಧಿಯಲ್ಲಿ ಅವರ ಆಟಗಾರರಲ್ಲಿ ಇಬ್ಬರ ಹೊರತು ಉಳಿದವರೆಲ್ಲರೂ ಕಾಲೇಜು ಸೇರಿದರೆಂದು 2011ರ ಹೊತ್ತಿಗೆ ಲೆಕ್ಕ ಹೇಳಲಾಗುತ್ತಿತ್ತು. ಓದಿ ಮೆಚ್ಚುವವರು ಆ ದೊಡ್ಡ ಸಂಖ್ಯೆಯನ್ನು ಮೆಚ್ಚುತ್ತಾರೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಹೊರಟ ಕುರಿಗಾಹಿಯ ಸಾಮತಿಯನ್ನು ದೇವಾಲಯದಲ್ಲಿ ಕೇಳುತ್ತ ಬೆಳೆದ ನಮಗೆ ಮಾತ್ರ ಆ ಇಬ್ಬರ ನೆನಪೇ ಮೊದಲು ಬರುತ್ತದೆ. ಅಷ್ಟು ಜನರ ನಡುವೆಯೂ ಆ ಇಬ್ಬರನ್ನು ಲೆಕ್ಕದಿಂದ ಬಿಡದೆ, ಇಬ್ಬರೆಂದೇ ಎಣಿಸಿಟ್ಟಿದ್ದರು.