ಸಿಡಿಯದ ಕೋವಿಯ ಪಾಪ

ಯಾರಿಗೂ ಪೆಟ್ಟಾಗದಿದ್ದರೆ ಅದು ಹಿಂಸೆಯಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಾನು ನಂಬುವುದಿಲ್ಲ. ಈ ವಿಷಯ ಯೋಚಿಸುವಂತೆ ಮಾಡಿದ್ದು ನಮ್ಮ ಮನೆಯ ಜೋಡುನಳಿಗೆ ಕೋವಿ.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ನಮ್ಮದು ಕಬ್ಬು, ಭತ್ತದ ಬೇಸಾಯ. ಹಂದಿ ಕಾಟಕ್ಕೆಂದು ತಾತ ಲೈಸೆನ್ಸ್ ಮಾಡಿಸಿದ್ದ ಕೋವಿ ಅಪ್ಪನಿಗೆ ಬಂತು, ಈಗ ವಾರಸುದಾರನಾಗಿ ನನ್ನ ಹೆಸರಿನಲ್ಲಿದೆ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಟ್ರ್ಯಾಕ್ಟರಿನ ಜೊತೆ ಅದಕ್ಕೂ ಕುಂಕುಮ ಹಚ್ಚುತ್ತೇವೆ. ಹಬ್ಬಕ್ಕೆ ಪಾಂಡವಪುರದಿಂದ ಬರುವ ನನ್ನ ತಂಗಿಯ ಮಗನದು ಒಂದೇ ಹಟ: "ಮಾವ, ಒಂದೇ ಒಂದು ಈಡು ಹೊಡೆದು ನೋಡನ. ತಾತನ ಕಾಲದಿಂದ ಏನಾಗೈತೆ?" ಈ ಮಾತಿಗೆ ಗದರಿಸಿ ಸುಮ್ಮನಾದರೆ ಸಾಲದು, ಉತ್ತರ ಕೊಡಬೇಕು.

ಮೊದಲು ಕೋವಿಯ ವಯಸ್ಸು ತಿಳಿಯಬೇಕು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬೇಟೆ ಕೋವಿಗಳಲ್ಲಿ ಜೋಡುನಳಿಗೆಯವೂ ಇದ್ದವು. ಅವುಗಳ ಮೇಲೆ ವರ್ಷ ಕೆತ್ತಿರುವುದುಂಟು. ಅದು ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಹಿಜರಿ ಎಂದುಕೊಂಡು ಓದಿದವನ ಲೆಕ್ಕ ತಪ್ಪುತ್ತದೆ. ನಮ್ಮ ಕೋವಿಯ ಮೇಲೆ ಇಸವಿಯೇ ಇಲ್ಲ. ಆದರೆ ನಳಿಗೆ ಕಳಚಿ ಅಡಿಭಾಗ ನೋಡಿದರೆ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆಗಳಿವೆ, ಪಕ್ಕದಲ್ಲೇ ‘ನಾಟ್ ಫಾರ್ ಬಾಲ್’ ಎಂಬ ಅಕ್ಷರಗಳಿವೆ. ತುದಿ ಕಿರಿದಾಗಿರುವ ಈ ನಳಿಗೆಗೆ ಚರೆ ಮಾತ್ರ ಸರಿ, ಒಂಟಿ ಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. 1875ರಿಂದ 1887ರವರೆಗೆ ಈ ಮುದ್ರೆ ಒತ್ತುತ್ತಿದ್ದರು. ಹೊರಗೇ ಕಾಣುವ ಎರಡು ಕುದುರೆಗಳು, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ನಳಿಗೆಯ ಮೇಲಿನ ಅಲೆಗೆರೆ, ಎಲ್ಲವೂ ಆ ಕಾಲಕ್ಕೆ ಒಪ್ಪುತ್ತವೆ.

1813ರಲ್ಲಿ ಕಾಯ್ದೆಯ ಮೂಲಕ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ, ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಿತ್ತು. ನಮ್ಮದು ಕರಿಮದ್ದಿನಲ್ಲಿ ಪರೀಕ್ಷೆಯಾದ ಕೋವಿ. ಹೊಗೆಯಿಲ್ಲದ ಮದ್ದಿಗೆ ಬೇರೆ ಪರೀಕ್ಷೆ, ಬೇರೆ ಮುದ್ರೆ ಬಂದದ್ದು ಆಮೇಲೆ. ಈಗ ಅಂಗಡಿಯಲ್ಲಿ ಸಿಗುವ ತೋಟೆಯಲ್ಲಿ ಇರುವುದು ಈ ಎರಡನೆಯ ಮದ್ದೇ. ಉದ್ದವೂ ಬೇರೆ. ಹಳೆಯ ಕೋವಿಗಳಲ್ಲಿ ತೋಟೆ ಕೂರುವ ಜಾಗ ಸಾಮಾನ್ಯವಾಗಿ ಎರಡೂವರೆ ಅಂಗುಲ. ಈಗಿನ ಅನೇಕ ತೋಟೆಗಳು ಎರಡೂಮುಕ್ಕಾಲು. ತುದಿ ಮಡಿಚಿರುವುದರಿಂದ ಅದು ಸಲೀಸಾಗಿ ಒಳಗೆ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ.

ಚುನಾವಣೆ ಬಂದರೆ ಕೋವಿ ಪೊಲೀಸ್ ಠಾಣೆ ಸೇರುತ್ತದೆ. ವಾಪಸು ತಂದಾಗ ನಾನು ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಕಡಜ ಮೆತ್ತಿದ ಒಂದು ಹಿಡಿ ಮಣ್ಣು, ಮರೆತುಹೋದ ಒಂದು ಚಿಂದಿ ಬಟ್ಟೆ ಸಾಕು ನಳಿಗೆ ಸಿಡಿಯಲು. ಒಳಗೆ ತುಕ್ಕು ತಿಂದ ಗುಳಿಗಳಿವೆಯೇ, ಮುಚ್ಚಿದಾಗ ಕೀಲು ಅಲುಗಾಡುತ್ತದೆಯೇ, ಎರಡು ನಳಿಗೆಗಳನ್ನು ಸೇರಿಸುವ ಪಟ್ಟಿಯ ಬೆಸುಗೆ ಬಿಟ್ಟಿದೆಯೇ ನೋಡಬೇಕು. ನಳಿಗೆಯನ್ನು ತೂಗುಹಾಕಿ ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಒಡಕು ದನಿ ಬಂದರೆ ಬೆಸುಗೆ ಬಿಟ್ಟಿರಬಹುದು. ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಮಾತ್ರ ಬಲ್ಲ ಕೆಲಸಗಾರನೇ ಉಪಕರಣ ಇಟ್ಟು ಅಳೆಯಬೇಕು.

ಇಷ್ಟೆಲ್ಲ ಏಕೆ ಎಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಕಡೆಯಿಂದ. ಅಲ್ಲಿನ ಪಂಚಕೂಟ ಬಸದಿ, ಅದರ ಮುಂದಿನ ಬ್ರಹ್ಮದೇವರ ಕಂಬ ನೋಡಿ ಬಂದ ಮೇಲೆ ಜೈನ ಶಾಸ್ತ್ರಗಳ ಕನ್ನಡ ವಿವರಣೆಗಳನ್ನು ಓದತೊಡಗಿದೆ. ನಾನು ಜೈನನಲ್ಲ. ಆದರೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆ ಎಂದರೇನು ಎಂದು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಡುತ್ತದೆ. ಎದುರಿನ ಜೀವ ಉಳಿಯಿತೋ ಹೋಯಿತೋ ಎಂಬುದರ ಮೇಲೆ ಹಿಂಸೆ ನಿಂತಿಲ್ಲ, ನಡೆದವನ ಎಚ್ಚರಗೇಡಿತನದ ಮೇಲೆ ನಿಂತಿದೆ ಎಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು. ರೈತನಾದ ನನಗೆ ಇದು ಆಳವಾಗಿ ತಟ್ಟಿತು. ಉಳುವಾಗ ಹುಳಹುಪ್ಪಟೆ ಸಾಯುತ್ತವೆ, ತಪ್ಪಿಸಲಾಗದು. ಉದ್ಯೋಗದಲ್ಲಿ ಆಗುವ ಈ ಹಿಂಸೆಯನ್ನು ಜೈನ ಆಚಾರ್ಯರು ಸಂಕಲ್ಪಿಸಿ ಮಾಡುವ ಹಿಂಸೆಯಿಂದ ಬೇರೆಯಾಗಿ ಕಂಡರು. ಆದರೆ ನೋಡಬಹುದಾಗಿದ್ದನ್ನು ನೋಡದೆ ಬಿಟ್ಟವನಿಗೆ ಆ ವಿನಾಯಿತಿ ಇಲ್ಲ.

ಹಾಗಾದರೆ ಫಲಕ್ಕೆ ಬೆಲೆಯೇ ಇಲ್ಲವೇ? ಎಲ್ಲವನ್ನೂ ಪರೀಕ್ಷಿಸಿ ಹಾರಿಸಿದರೂ ಕೋವಿ ಸಿಡಿದು ಪಕ್ಕದವನ ಕಣ್ಣು ಹೋದರೆ, ಎಚ್ಚರದಿಂದಿದ್ದೆ ಎಂದು ಕೈ ತೊಳೆದುಕೊಳ್ಳಬಹುದೇ? ಖಂಡಿತ ಇಲ್ಲ. ಅವನನ್ನು ಬದುಕಿರುವಷ್ಟು ದಿನ ನೋಡಿಕೊಳ್ಳುವ ಋಣ ನನ್ನದು. ಆದರೆ ಋಣ ಬೇರೆ, ಪಾಪ ಬೇರೆ. ಪರೀಕ್ಷಿಸದೆ ಹಾರಿಸಿ ಬಚಾವಾದವನಿಗೆ ಋಣವಿಲ್ಲ, ಪಾಪವಿದೆ. ಕುದುರೆ ಬೀಳಿಸಿದ ಗಳಿಗೆಯಲ್ಲೇ ಅವನು ಪಕ್ಕದವನ ಕಣ್ಣನ್ನು ಪಣಕ್ಕಿಟ್ಟಿದ್ದ. ಗೆದ್ದದ್ದು ಅದೃಷ್ಟ, ಅದು ಪುಣ್ಯವಾಗುವುದಿಲ್ಲ. ನನ್ನ ಸೋದರಳಿಯನ ‘ಏನಾಗೈತೆ’ಗೆ ಇದೇ ಉತ್ತರ.

ಸಮಂತಭದ್ರರ ರತ್ನಕರಂಡಕ ಗೃಹಸ್ಥನು ಬಿಡಬೇಕಾದ ನಿರರ್ಥಕ ಪಾಪಗಳಲ್ಲಿ ಆಯುಧವನ್ನು ಇನ್ನೊಬ್ಬರಿಗೆ ಕೊಡುವುದನ್ನೂ ಸೇರಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಲೈಸೆನ್ಸ್ ಪಡೆದವನೇ ಕೋವಿಗೆ ಹೊಣೆ. ಆದ್ದರಿಂದ ನೆಂಟಸ್ತಿಕೆ ಎಷ್ಟೇ ಹತ್ತಿರವಿರಲಿ, ಒಂದು ರಾತ್ರಿ ಕಾವಲಿಗೆ ಕೊಡು ಎಂದವರಿಗೆ ನಾನು ಕೊಡುವುದಿಲ್ಲ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಆಯುಧಕ್ಕೆ ಕೈಮುಗಿಯುವ ಪದ್ಧತಿ ನಮ್ಮ ಸೀಮೆಯ ರಕ್ತದಲ್ಲಿದೆ, ಅದನ್ನು ನಾನು ಬಿಡುವುದಿಲ್ಲ. ಆದರೆ ಕೈಮುಗಿಯುವ ಮೊದಲು ಕೋವಿ ತೆರೆದು, ಎರಡೂ ನಳಿಗೆ ಖಾಲಿ ಎಂದು ಮಕ್ಕಳೂ ಸೇರಿ ಎಲ್ಲರೂ ನೋಡಬೇಕು. ಇದು ನಮ್ಮ ಮನೆಯ ನಿಯಮ. ನಮ್ಮ ಕೋವಿಯನ್ನು ಇನ್ನು ಹಾರಿಸುವುದಿಲ್ಲ ಎಂದೂ ತೀರ್ಮಾನಿಸಿದ್ದೇನೆ. ಹಳೆಯ ಕೋವಿ ಇಟ್ಟುಕೊಂಡಿರುವ ಮನೆಯವರು ಈ ದಸರೆಗೆ ಮುಂಚೆಯೇ ನಳಿಗೆ ಕಳಚಿ ಅಡಿಯ ಮುದ್ರೆಗಳನ್ನು ಓದಲಿ, ಅನುಮಾನ ಬಂದರೆ ತೋಟೆ ತುಂಬದಿರಲಿ.