ಕಲಿತ ವಿದ್ಯೆ ಯಾರ ಸೊತ್ತು?

"ಫಾದರ್, ಮೊದಲು ಲೆಕ್ಕ ನಮ್ಮ ಕೈಯಲ್ಲಿತ್ತು. ಈಗ ಆ ಪೆಟ್ಟಿಗೆಯೊಳಗೆ ಹೋಗಿ ಕೂತುಬಿಟ್ಟಿದೆ."

ನಮ್ಮ ಧರ್ಮಕೇಂದ್ರದ ಮಹಿಳಾ ಸ್ವಸಹಾಯ ಸಂಘದಲ್ಲಿ ಬಹಳ ವರ್ಷ ಲೆಕ್ಕ ನೋಡಿಕೊಂಡಿದ್ದ ತಾಯಿಯೊಬ್ಬರು ನನಗೆ ಹೇಳಿದ ಮಾತಿದು. ಅವರ ದನಿಯಲ್ಲಿ ಕೋಪವಿರಲಿಲ್ಲ. ಆದರೂ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಆ ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದಾಗಿತ್ತು.

ನಡೆದದ್ದು ಇಷ್ಟೆ. ಹಳ್ಳಿಯ ಸಂಘಗಳಿಗೆ ಕಂಪ್ಯೂಟರ್ ತರಬೇತಿ ಕೊಡುವ ಸಂಸ್ಥೆಯೊಂದು ನಮ್ಮ ಸಂಘಕ್ಕೂ ಒಂದು ವಿದ್ಯಾರ್ಥಿವೇತನವನ್ನು ನೀಡಿತು. ಮೂರು ತಿಂಗಳ ಕಲಿಕೆ, ಊಟ ವಸತಿ, ಬಸ್ಸಿನ ಖರ್ಚು, ಕೊನೆಗೆ ಸಂಘಕ್ಕೊಂದು ಕಂಪ್ಯೂಟರ್. ಆದರೆ ಹೋಗಬಹುದಾದವರು ಒಬ್ಬರೇ. ಮಹಿಳೆಯರು ನನ್ನ ಬಳಿ ಬಂದು, "ಯಾರನ್ನು ಕಳುಹಿಸೋಣ, ನೀವೇ ಹೇಳಿ ಫಾದರ್" ಎಂದರು. ನಾನು ಹೆಚ್ಚು ಯೋಚಿಸದೆ ಪಿ.ಯು.ಸಿ. ಪಾಸಾಗಿದ್ದ ಚುರುಕು ಹುಡುಗಿಯೊಬ್ಬಳ ಹೆಸರು ಹೇಳಿದೆ. ಅವಳು ಚೆನ್ನಾಗಿಯೇ ಕಲಿತು ಬಂದಳು. ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ಹಳೆಯ ಲೆಕ್ಕದ ಪುಸ್ತಕಗಳು ಬೀರು ಸೇರಿದವು. ಹತ್ತು ತಿಂಗಳಾಗುವಷ್ಟರಲ್ಲಿ ಅವಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೊರಟುಹೋದಳು. ಕಂಪ್ಯೂಟರಿನ ಮೇಲೆ ಒಂದು ಬಟ್ಟೆ ಹೊದಿಸಲಾಯಿತು. ಯಾರು ಎಷ್ಟು ಕಟ್ಟಿದ್ದಾರೆ, ಯಾರಿಂದ ಎಷ್ಟು ಬರಬೇಕು ಎಂದು ಹೇಳಬಲ್ಲವರು ಸಂಘದಲ್ಲಿ ಒಬ್ಬರೂ ಉಳಿಯಲಿಲ್ಲ.

"ಮೋಸ ಮಾಡಿ ಹೋದಳು" ಎಂದು ಕೆಲವರು ಆಡಿಕೊಂಡರು. ಆದರೆ ಆ ಹುಡುಗಿಯ ತಂದೆ ಹಾಸಿಗೆ ಹಿಡಿದಿದ್ದರು, ತಮ್ಮನ ಓದಿಗೆ ಹಣ ಬೇಕಿತ್ತು. ಮನೆಯನ್ನು ಸಾಕಲು ಹೋದವಳನ್ನು ಪಾಪಿ ಎನ್ನಲು ನಮಗೇನು ಅಧಿಕಾರವಿದೆ? ಹಾಗಾದರೆ ಅವಳು ಕಲಿತ ವಿದ್ಯೆ ಯಾರ ಸೊತ್ತು? ಕಷ್ಟಪಟ್ಟು ಕಲಿತ ಅವಳದೋ? ಹಣ ಕೊಟ್ಟ ಸಂಸ್ಥೆಯದೋ? ಅಥವಾ ಯಾವ ಸಂಘದ ಹೆಸರಿನಲ್ಲಿ ಅವಳು ಹೋದಳೋ ಆ ಸಂಘದ್ದೋ?

ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಸೊತ್ತಿನ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿಕೊಡುತ್ತಾರೆ. ಸೊತ್ತನ್ನು ಗಳಿಸಿ ನೋಡಿಕೊಳ್ಳುವ ಹಕ್ಕು ಒಬ್ಬನಿಗೆ ಇರಬಹುದು. ಆದರೆ ಬಳಸುವಾಗ ಅದು ತನ್ನದು ಮಾತ್ರ ಎಂದು ಭಾವಿಸದೆ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಅವನು ಸಿದ್ಧನಿರಬೇಕು. ಹೊಲ, ಹಣಕ್ಕೆ ಸಲ್ಲುವ ಈ ಮಾತು ವಿದ್ಯೆಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಹಣ ಹಂಚಿದರೆ ಕರಗುತ್ತದೆ, ವಿದ್ಯೆ ಕರಗುವುದಿಲ್ಲ. ನೆರೆಮನೆಯವರು ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆ ಒಯ್ದರೆ ನಮ್ಮ ಮನೆಯ ಮೊಸರು ಕಡಿಮೆಯಾಗುವುದೇ? ನಾಳೆ ನಮ್ಮ ಮೊಸರು ಕೆಟ್ಟುಹೋದರೆ ಅದೇ ಮನೆಯಿಂದ ನಾವು ಹೆಪ್ಪು ತರುತ್ತೇವೆ. ಊರಿನಲ್ಲಿ ಒಂದೇ ಮನೆಯಲ್ಲಿ ಹೆಪ್ಪಿದ್ದರೆ ಅದು ಆ ಮನೆಯವರ ತಪ್ಪಲ್ಲ, ಹಾಗೆ ಬಿಟ್ಟ ಊರಿನವರ ತಪ್ಪು. ನಮ್ಮ ಸಂಘದಲ್ಲಿ ಆದದ್ದೂ ಇದೇ. ಅವಳು ಹೋದದ್ದು ತಪ್ಪಲ್ಲ. ಅವಳು ಹೋಗುವ ಮೊದಲು ಇನ್ನಿಬ್ಬರಿಗೆ ಕಲಿಸುವ ಏರ್ಪಾಡನ್ನು ನಾವು ಮಾಡದೆ ಹೋದದ್ದು ತಪ್ಪು.

ಈ ತೊಡಕು ನಮಗಿಂತ ಮುಂಚೆ ಬೇರೆಯವರಿಗೂ ಎದುರಾಗಿತ್ತು. ಕೆನಡಾ ದೇಶದ ನೋವಾ ಸ್ಕೋಷಿಯಾದಲ್ಲಿ ಮೋಸೆಸ್ ಕೋಡಿ ಎಂಬ ಗುರುಗಳಿದ್ದರು. ಅಲ್ಲಿನ ಆಂಟಿಗೊನಿಷ್ ಎಂಬ ಊರಿನ ಸಂತ ಫ್ರಾನ್ಸಿಸ್ ಜೇವಿಯರ್ ವಿಶ್ವವಿದ್ಯಾಲಯವು 1928ರಲ್ಲಿ ಜನರಿಗೆ ವಿದ್ಯೆ ಮುಟ್ಟಿಸುವ ವಿಭಾಗವೊಂದನ್ನು ತೆರೆದು ಅವರ ಕೈಗೆ ಕೊಟ್ಟಿತು. ಊರಿನ ಜಾಣ ಮಕ್ಕಳನ್ನು ಆರಿಸಿ, ಓದಿಸಿ, ಪಟ್ಟಣಕ್ಕೆ ಕಳುಹಿಸುವ ಶಿಕ್ಷಣವು ಹಳ್ಳಿಯಿಂದ ಅದರ ನಾಯಕರನ್ನೇ ಕಸಿದುಕೊಳ್ಳುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಆದ್ದರಿಂದ ಅವರು ಮೀನುಗಾರರು, ರೈತರು, ಗಣಿ ಕಾರ್ಮಿಕರು ಇದ್ದ ಕಡೆಗೇ ಕಲಿಕೆಯನ್ನು ಒಯ್ದರು. ನೆರೆಹೊರೆಯವರು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ ಓದಿದರು, ಲೆಕ್ಕ ಕಲಿತರು, ಸಾಲ ಸಹಕಾರ ಸಂಘಗಳನ್ನೂ ಮೀನು ಮಾರಾಟದ ಸಹಕಾರಗಳನ್ನೂ ಕಟ್ಟಿದರು. ಅವರು ತೀರಿಕೊಂಡ 1959ರಲ್ಲೇ ಅವರ ಹೆಸರಿನಲ್ಲಿ ಅಲ್ಲಿ ಸ್ಥಾಪನೆಯಾದ ಸಂಸ್ಥೆಯು ಏಷ್ಯಾ, ಆಫ್ರಿಕಾಗಳ ಜನಸಂಘಟನೆಗಳ ಕಾರ್ಯಕರ್ತರನ್ನು ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಂಡಿತು. ಭಾರತದಿಂದಲೂ ಅನೇಕರು ಅಲ್ಲಿ ಕಲಿತು ಬಂದಿದ್ದಾರೆ.

ನಮ್ಮ ದೇಶದಲ್ಲೇ ಇನ್ನೊಂದು ಉದಾಹರಣೆಯಿದೆ. ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಯಲ್ಲಿ ಬಂಕರ್ ರಾಯ್ ಅವರು 1972ರಲ್ಲಿ ಆರಂಭಿಸಿದ ಸಂಸ್ಥೆ 'ಬೇರ್‌ಫುಟ್ ಕಾಲೇಜ್' ಎಂದು ಹೆಸರಾಯಿತು. ಸೌರದೀಪಗಳನ್ನು ಜೋಡಿಸಿ ದುರಸ್ತಿ ಮಾಡುವುದನ್ನು ಅಲ್ಲಿ ಅಕ್ಷರ ಬಾರದ ಹಳ್ಳಿಯ ಹೆಂಗಸರಿಗೆ, ಅದರಲ್ಲೂ ಅಜ್ಜಿಯರಿಗೆ ಕಲಿಸಿದರು. ಆಫ್ರಿಕಾದ ಹಳ್ಳಿಗಳಿಂದಲೂ ಅಜ್ಜಿಯರು ಭಾರತ ಸರಕಾರದ ನೆರವಿನಿಂದ ಬಂದು ಆರು ತಿಂಗಳು ಅಲ್ಲಿದ್ದು ಕಲಿತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಬಣ್ಣಗಳ ಗುರುತು, ಕೈಸನ್ನೆಗಳೇ ಅವರಿಗೆ ಪಾಠ. ಅಜ್ಜಿಯರನ್ನೇ ಏಕೆ ಆರಿಸಿದರು? ಯುವಕರ ಕೈಗೆ ಸರ್ಟಿಫಿಕೇಟ್ ಕೊಟ್ಟರೆ ಅವರು ಅದನ್ನು ಹಿಡಿದು ಪಟ್ಟಣದ ಬಸ್ಸು ಹತ್ತುತ್ತಾರೆ, ಅಜ್ಜಿ ಊರಿಗೆ ಮರಳುತ್ತಾಳೆ ಎಂಬುದು ರಾಯ್ ಅವರು ಅನುಭವದಿಂದ ಕಂಡುಕೊಂಡ ಸತ್ಯ. ಅದಕ್ಕೇ ಅಲ್ಲಿ ಸರ್ಟಿಫಿಕೇಟ್ ಕೊಡುವ ಪದ್ಧತಿಯನ್ನೇ ಇಡಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. "ಹಾಗಾದರೆ ಬಡವರ ಮಕ್ಕಳು ಊರು ಬಿಟ್ಟು ಮೇಲೇರಬಾರದೇ? ಫಾದರ್‌ಗಳ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಇಂಜಿನಿಯರ್ ಆಗಬೇಕೇ?" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಖಂಡಿತ ಏರಬೇಕು. ಒಬ್ಬ ವಿದ್ಯಾರ್ಥಿಯ ಬಾಳನ್ನು ಬೆಳಗಿಸಲು ಕೊಡುವ ವಿದ್ಯಾರ್ಥಿವೇತನ ಪುಣ್ಯದ ಕೆಲಸ. ಆದರೆ ಸಂಘವನ್ನು ಬಲಪಡಿಸಲು ಕೊಡುವ ವಿದ್ಯಾರ್ಥಿವೇತನವೇ ಬೇರೆ. ಎರಡನ್ನೂ ಬೆರೆಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಸಂಘಕ್ಕೆ ಆಸರೆ ತಪ್ಪುತ್ತದೆ, ಹುಡುಗಿಗೆ ಮೋಸಗಾತಿ ಎಂಬ ಹೆಸರು ಅಂಟುತ್ತದೆ. ಬಾಂಡು ಬರೆಸಿಕೊಂಡು ಕಟ್ಟಿಹಾಕುವುದೂ ಪರಿಹಾರವಲ್ಲ. ಹಂಗಿನಿಂದ ಮಾಡಿಸಿಕೊಂಡದ್ದು ಸೇವೆಯಾಗುವುದಿಲ್ಲ.

ಕೊಡುವವರ ಮನಸ್ಸನ್ನೂ ಪರೀಕ್ಷಿಸಬೇಕಾಗಿದೆ. ದಕ್ಷಿಣ ಅಮೆರಿಕದ ಕೊಲಂಬಿಯಾದ ಸುತಾತೆನ್ಸಾ ಎಂಬ ಊರಿನಲ್ಲಿ ಜೋಸೆ ಹೊವಾಕಿನ್ ಸಾಲ್ಸೆದೊ ಎಂಬ ಗುರುಗಳು 1947ರಲ್ಲಿ ರೈತರಿಗಾಗಿ ಬಾನುಲಿ ಶಾಲೆ ತೆರೆದರು. ಓದು ಬಲ್ಲ ನೆರೆಯವನೊಬ್ಬನ ಸಹಾಯದಿಂದ ಮನೆಮಂದಿ ರೇಡಿಯೊ ಸುತ್ತ ಕುಳಿತು ಅಕ್ಷರ ಕಲಿತರು. ಅದು ಮಹತ್ತಾದ ಕೆಲಸ. ಆದರೆ ಆ ಶಾಲೆಗಳಿಗೆ ಕೊಟ್ಟ ರೇಡಿಯೊಗಳನ್ನು ಅದೊಂದೇ ಕೇಂದ್ರ ಕೇಳಿಸುವಂತೆ ಮಾಡಲಾಗಿತ್ತು. ಪ್ರೀತಿಯಿಂದ ಕೊಟ್ಟರೂ ಬೀಗದ ಕೈಯನ್ನು ನಮ್ಮಲ್ಲೇ ಇಟ್ಟುಕೊಳ್ಳುವ ಆಸೆ ಗುರುಗಳನ್ನೂ ಬಿಟ್ಟಿಲ್ಲ!

ಇದಕ್ಕೆ ಪ್ರತಿಯಾಗಿ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೋಡಿ. ಅಲ್ಲಿನ ಸ್ವಸಹಾಯ ಸಂಘಗಳ ಹೆಂಗಸರು, ಊರಿನ ಯುವಜನರು ಮೈರಾಡ, ವಾಯ್ಸಸ್ ಸಂಸ್ಥೆಗಳ ಮತ್ತು ಯುನೆಸ್ಕೊದ ನೆರವಿನಿಂದ ಕಾರ್ಯಕ್ರಮ ತಯಾರಿಸುವುದನ್ನು ಕಲಿತು 'ನಮ್ಮ ಧ್ವನಿ'ಯನ್ನು ನಡೆಸಿದರು. ಬಾನುಲಿ ಅಲೆಗಳು ಸಾರ್ವಜನಿಕ ಸೊತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ ಹಳ್ಳಿಯ ಸಂಘಗಳಿಗೆ ಬಾನುಲಿ ಪರವಾನಗಿ ಸಿಗುತ್ತಿರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. 2003ರಲ್ಲಿ ಕೇಬಲ್ ಎಳೆದು ಮನೆಮನೆಗೆ ತಮ್ಮ ದನಿ ಮುಟ್ಟಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಕೇಳುವವರಾಗಿ ಉಳಿಯದೆ ಹೇಳುವವರಾಗುವುದು, ಇದೇ ತರಬೇತಿಯ ನಿಜವಾದ ಫಲ.

ಪ್ರಿಯ ಓದುಗರೇ, ನನ್ನ ತಪ್ಪು ಎಲ್ಲಿತ್ತೆಂಬುದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಧ್ಯಾನಿಸುವಾಗ ನನಗೆ ಹೊಳೆಯಿತು. ವಿಧವೆಯರಿಗೆ ಅನ್ನ ಹಂಚುವುದರಲ್ಲಿ ತಾರತಮ್ಯ ನಡೆಯುತ್ತಿದೆ ಎಂಬ ದೂರು ಬಂದಾಗ ಪ್ರೇಷಿತರು ತಾವೇ ಏಳು ಮಂದಿಯನ್ನು ಹೆಸರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನಿಮ್ಮಲ್ಲಿ ಒಳ್ಳೆಯ ಹೆಸರುಳ್ಳವರನ್ನು ನೀವೇ ಆರಿಸಿ ಎಂದು ಸಭೆಗೇ ಬಿಟ್ಟುಕೊಟ್ಟರು. ಒಬ್ಬರನ್ನಲ್ಲ, ಏಳು ಮಂದಿಯನ್ನು! ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡವರು ಕಿತ್ತುಕೊಳ್ಳಬಾರದು ಎಂದು ಪೋಪ್ ಹನ್ನೊಂದನೆಯ ಪಿಯೂಸರು 1931ರಲ್ಲಿ ಬೋಧಿಸಿದ್ದು ಇದೇ ಅರ್ಥದಲ್ಲಿ. "ನೀವೇ ಹೇಳಿ ಫಾದರ್" ಎಂದಾಗ ನಾನು ಹೇಳಬೇಕಾಗಿದ್ದ ಮಾತು, "ನೀವೇ ಕೂತು ಮಾತಾಡಿ" ಎಂಬುದು.

ಮೊನ್ನೆ ಮತ್ತೊಂದು ತರಬೇತಿಯ ಕರೆ ಬಂತು, ಈ ಬಾರಿ ಮೊಬೈಲ್ ಫೋನಿನಲ್ಲೇ ಲೆಕ್ಕ ಇಡುವುದಕ್ಕೆ. ಮಹಿಳೆಯರು ಎರಡು ವಾರದ ಸಭೆಗಳಲ್ಲಿ ಚರ್ಚಿಸಿದರು, ಜಗಳವೂ ಆಯಿತು. ಕೊನೆಗೆ ಒಬ್ಬರ ಖರ್ಚನ್ನು ಸಂಘದಿಂದಲೇ ಭರಿಸಿ ಇಬ್ಬರನ್ನು ಕಳುಹಿಸಿದ್ದಾರೆ. ಒಬ್ಬಳು ಹೊಸದಾಗಿ ಮದುವೆಯಾಗಿ ಊರಿಗೆ ಬಂದ ಸೊಸೆ. ಇನ್ನೊಬ್ಬರು, ಲೆಕ್ಕ ಪೆಟ್ಟಿಗೆಯೊಳಗೆ ಹೋಯಿತೆಂದು ನನ್ನ ಬಳಿ ನೊಂದುಕೊಂಡ ಆ ತಾಯಿ. ಕಲಿತು ಬಂದವರು ಪ್ರತಿ ಸಭೆಯಲ್ಲೂ ಬೇರೆ ಬೇರೆ ಸದಸ್ಯೆಯ ಕೈಯಲ್ಲಿ ಲೆಕ್ಕ ಬರೆಸಬೇಕು, ಹಳೆಯ ಪುಸ್ತಕವನ್ನೂ ಮುಂದುವರಿಸಬೇಕು ಎಂಬ ನಿಯಮವನ್ನು ಅವರೇ ಮಾಡಿಕೊಂಡಿದ್ದಾರೆ. ಫಲ ಏನಾಗುವುದೋ ಕಾದು ನೋಡಬೇಕು.

ನಿಮ್ಮ ಮನೆಯಲ್ಲೂ ಸಂಘದ, ಹಾಲಿನ ಡೈರಿಯ, ಧರ್ಮಕೇಂದ್ರದ ಹೆಸರಿನಲ್ಲಿ ತರಬೇತಿ ಪಡೆದು ಬಂದವರಿರಬಹುದು. ಈ ವಾರ ಅವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: "ನಾಳೆ ನಾನಿಲ್ಲದಿದ್ದರೆ ಈ ಕೆಲಸ ನಡೆಯುವುದೇ?" ನಡೆಯುವುದಿಲ್ಲ ಎಂದು ಒಳಗೊಳಗೇ ಹೆಮ್ಮೆಯೆನಿಸಿದರೆ, ಪಡೆದ ವರ ಇನ್ನೂ ಮಣ್ಣಿನಡಿಯಲ್ಲೇ ಇದೆ ಎಂದು ತಿಳಿಯಿರಿ. ಅದನ್ನು ಅಗೆದು ತೆಗೆದು ನೆರೆಯವರ ಕೈಗೆ ಹಾಕಲು ಪ್ರಭು ನಮಗೆ ಮನಸ್ಸು ಕೊಡಲಿ.